ಸೇಂಟ್ ಪದ್ಮನಾಭ ಕಾನ್ವೆಂಟಿನ ಟ್ರೈನ್ಡ್ ಮೇಷ್ಟ್ರು

"ಅಲ್ಲೇ ಇಡಪ್ಪ ಬೈರಯ್ಯ. ಕೈಗೆ ಕೊಡ್ಬೇಡ, ಮೇಜಿನ ಮೇಲಿಡು, ನಾನ್ ತಗೋತೀನಿ."

ಚಾಕ್‌ಪೀಸಿನ ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ನಾನು ಹಿಂದಕ್ಕೆ ಸರಿದ ಮೇಲೆ ಅಲಮೇಲು ಮೇಡಂ ಡಬ್ಬಿ ಎತ್ತಿಕೊಂಡರು. ಅವರ ಎಡಗೈಯಲ್ಲಿ ಇವತ್ತಿನ ಪಾಠದ ಟಿಪ್ಪಣಿ ಇತ್ತು. ಬರೆದವನು ನಾನೇ. ನಾನು ಮುಟ್ಟಿದ ಚಾಕ್‌ಪೀಸಿಗೆ ಮೈಲಿಗೆ ಉಂಟು, ನಾನು ಬರೆದ ಇಂಗ್ಲಿಷಿಗೆ ಇಲ್ಲ. ಈ ಶಾಸ್ತ್ರವನ್ನು ಯಾವ ಪುಣ್ಯಾತ್ಮ ಬರೆದನೋ ಗೊತ್ತಿಲ್ಲ.

ರಾಜಾಜಿನಗರದ ಈ ಸೇಂಟ್ ಪದ್ಮನಾಭ ಕಾನ್ವೆಂಟಿನ ಪದ್ಮನಾಭ ಸಂತನೇನೂ ಅಲ್ಲ. ಮ್ಯಾನೇಜರ್ ಸೇತುರಾಮಯ್ಯನ ಅಪ್ಪ, ಶಿರಸ್ತೇದಾರನಾಗಿ ತಿಂದು ತೇಗಿ ಸತ್ತವನು. ಬೋರ್ಡಿನ ಮೇಲೆ ಸೇಂಟ್ ಅಂತ ಇಲ್ಲದಿದ್ದರೆ ಬಡಾವಣೆಯ ಜನ ಮಕ್ಕಳನ್ನು ಸೇರಿಸುವುದಿಲ್ಲವಂತೆ, ಅದಕ್ಕೆ ಅಪ್ಪನಿಗೆ ಸತ್ತ ಮೇಲೆ ಬಡ್ತಿ. ಅಲಮೇಲು ಸೇತುರಾಮಯ್ಯನ ಸೊಸೆ. ಪಿಯುಸಿ ಫೇಲು, ಇಂಗ್ಲಿಷ್ ಟೀಚರು. ನಾನು ಬಿ.ಎ. ಪಾಸು, ಅದರ ಮೇಲೆ ಇಂಗ್ಲಿಷ್ ಕಲಿಸುವ ತರಬೇತಿಯ ಸರ್ಟಿಫಿಕೇಟ್ ಪಡೆದವನು. ಗಂಟೆ ಹೊಡೆಯುತ್ತೇನೆ, ಬೆಂಚು ಎಳೆಯುತ್ತೇನೆ. ಕುಡಿಯುವ ನೀರು ಮಾತ್ರ ತುಂಬಿಸುವಂತಿಲ್ಲ. ಅಷ್ಟರ ಮಟ್ಟಿಗೆ ಆರಾಮ.

ಡಿಗ್ರಿ ಆದ ಮೇಲೆ ಮುಂದೇನು ಓದಬೇಕು ಅಂತ ಬ್ಯಾಡರಹಳ್ಳಿಯ ನಮ್ಮ ಕೇರಿಯಲ್ಲಿ ಹೇಳುವವರಿರಲಿಲ್ಲ. ಕೇರಿಗೆ ಮೊದಲ ಡಿಗ್ರಿ ನನ್ನದೇ. ಜ್ಞಾನಭಾರತಿಯ ಗುಮಾಸ್ತನೊಬ್ಬ ಅರ್ಜಿಯಲ್ಲಿ ಜಾತಿಯ ಕಾಲಂ ನೋಡಿ, ಜವಾನನ ಕೆಲಸಕ್ಕೆ ಇಷ್ಟೇ ಸಾಕಲ್ಲ, ಇನ್ನೂ ಯಾಕೆ ಓದ್ತೀಯ ಅಂದ. ಬಿ.ಎಡ್. ಅಂದರೆ ಒಂದು ವರ್ಷ ಕೂಳಿಲ್ಲದೆ ಕೂರಬೇಕು. ಇಂಗ್ಲಿಷಿನ ತರಬೇತಿ ನಾಲ್ಕೇ ತಿಂಗಳು, ಊಟ ಅವರದೇ. ಅದಕ್ಕಿಂತ ಹೆಚ್ಚಾಗಿ ನನಗೊಂದು ಹುಚ್ಚಿತ್ತು. ಸಂಸ್ಕೃತ ಕಲಿಸಲು ನನ್ನನ್ನು ಯಾರೂ ಕರೆಯುವುದಿಲ್ಲ. ಕನ್ನಡ ಕಲಿಸಿದರೆ ಬಾಯಿ ಬಿಟ್ಟ ಕೂಡಲೇ ಯಾವ ಕೇರಿಯವನು ಅಂತ ಗೊತ್ತು ಮಾಡಿಕೊಂಡು ನಗುತ್ತಾರೆ. ಇಂಗ್ಲಿಷು ಸಮುದ್ರದಾಚೆಯಿಂದ ಬಂದದ್ದು, ಅದಕ್ಕೆ ಮಡಿ ಮೈಲಿಗೆ ಗೊತ್ತಿಲ್ಲ ಅಂದುಕೊಂಡೆ. ನನ್ನಂಥ ಬೆಪ್ಪ ಇನ್ನೊಬ್ಬನಿಲ್ಲ.

ಕಾನ್ವೆಂಟಿಗೆ ಸರ್ಕಾರದ ಮಾನ್ಯತೆ ಸಿಗಬೇಕಾದರೆ ತರಬೇತಾದ ಇಂಗ್ಲಿಷ್ ಮೇಷ್ಟ್ರೊಬ್ಬ ಬೇಕಿತ್ತು. ಸೇತುರಾಮಯ್ಯ ನನ್ನನ್ನು ಮೆಟ್ಟಿಲ ಕೆಳಗೇ ನಿಲ್ಲಿಸಿ, ಸರ್ಟಿಫಿಕೇಟನ್ನು ಮಾತ್ರ ಎರಡೂ ಕೈಯಲ್ಲಿ ಹಿಡಿದು ಒಳಗೆ ಒಯ್ದ. ಇಲಾಖೆಯವರಿಗೆ ಮೂಲಪತ್ರವನ್ನೇ ತೋರಿಸಬೇಕು ಅಂತ ಹೇಳಿ, ಗಾಜಿನ ಕಟ್ಟು ಹಾಕಿಸಿ, ನಾಲ್ಕನೇ ಕ್ಲಾಸಿನ ಕಪ್ಪುಹಲಗೆಯ ಮೇಲೆ ಸರಸ್ವತಿಯ ಪಕ್ಕದಲ್ಲಿ ತೂಗು ಹಾಕಿಸಿದ. ಅಲ್ಲಿಂದ ಒಂದೂವರೆ ವರ್ಷ ಕಾಗದ ಒಳಗೆ, ನಾನು ಹೊರಗೆ. ಪಾಠ ಕೊಡಿ ಸಾರ್ ಅಂತ ಕೇಳಿದಾಗಲೆಲ್ಲ ಅವನದು ಒಂದೇ ಮಾತು. ತನಗೇನೂ ಭೇದವಿಲ್ಲ, ಪೇರೆಂಟ್ಸ್ ಒಪ್ಪುವುದಿಲ್ಲ. ಬೋಳಿಮಗ, ಒಬ್ಬ ಪೇರೆಂಟನ್ನಾದರೂ ಕೇಳಿ ನೋಡಿದ್ದನೇ?

ಎಮರ್ಜೆನ್ಸಿ ಬಂದ ಮರುವರ್ಷ ಪೇಪರಿನಲ್ಲಿ ಒಂದು ಜಾಹೀರಾತು ಬಂತು. ಇರಾನ್ ದೇಶದ ಶಾಲೆಗಳಿಗೆ ಇಂಗ್ಲಿಷ್ ಮೇಷ್ಟ್ರು ಬೇಕು. ಗುರುವಾರ ಗಾಂಧಿನಗರದ ಒಂದು ಹೋಟೆಲಿನಲ್ಲಿ ಸಂದರ್ಶನ, ಮಧ್ಯಾಹ್ನ ಒಂದು ಗಂಟೆಯವರೆಗೆ ಮಾತ್ರ. ಮೂಲ ಸರ್ಟಿಫಿಕೇಟ್ ತರದವರು ಬರುವುದೇ ಬೇಡ ಅಂತ ಬರೆದಿತ್ತು. ಜಾತಿಯ ವಿಷಯ ಎಲ್ಲಿಯೂ ಇರಲಿಲ್ಲ. ಆ ತುಂಡು ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಒಂದು ದಿನದ ಮಟ್ಟಿಗೆ ಸರ್ಟಿಫಿಕೇಟ್ ಕೊಡಿ ಅಂತ ಸೇತುರಾಮಯ್ಯನನ್ನು ಕೇಳಿದೆ. ಅದೇ ಗುರುವಾರ ಹನ್ನೊಂದಕ್ಕೆ ಮಾನ್ಯತೆಯ ಇನ್ಸ್‌ಪೆಕ್ಷನ್ ಇದೆ, ಅದು ಮುಗಿಯುವವರೆಗೆ ಗೋಡೆಯಿಂದ ಇಳಿಸುವಂತಿಲ್ಲ ಅಂದ. ಸಾಲದ್ದಕ್ಕೆ, ಅವತ್ತೊಂದು ದಿನ ನಾನೇ ಪಾಠ ಮಾಡಿ ತೋರಿಸಬೇಕಂತೆ. ಒಂದು ಗಂಟೆಗೆ ಇರಾನಿನ ಸಂದರ್ಶನದವರು ಹೊರಟುಹೋಗುತ್ತಾರೆ ಸಾರ್ ಅಂದೆ.

"ಹೋಗ್ಲಿ ಬಿಡಯ್ಯ. ನಿಮ್ಮಪ್ಪ ಹನುಮಯ್ಯ ಚಪ್ಪಲಿ ಹೊಲೀತಿದ್ದ, ನೀನು ಇರಾನ್ ದೊರೆಮಕ್ಳಿಗೆ ಇಂಗ್ಲಿಷ್ ಹೇಳ್ಕೊಡ್ತೀಯಾ? ತಿಕಕ್ಕೆ ಬಟ್ಟೆ ಇಲ್ಲ, ವಿಮಾನ ಬೇಕಂತೆ. ಜಾಸ್ತಿ ಮಾತಾಡಿದ್ರೆ ಸ್ಟೇಷನ್‌ಗೆ ಒಂದು ಫೋನ್ ಸಾಕು. ಈಗಿನ ಕಾಲ ಗೊತ್ತಲ್ಲ."

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ಚಿಕ್ಕಗಂಗಮ್ಮ ಚಂದ್ರಾ ಲೇಔಟಿನಲ್ಲಿ ಮನೆ ಕಟ್ಟುವ ಕಡೆ ಗಾರೆ ಹೊರುವವಳು. ತಲೆಯ ಸಿಂಬೆಯನ್ನೂ ಇಳಿಸದೆ ಕೇಳಿಸಿಕೊಂಡಳು.

"ನಿನ್ ಕಾಗ್ದ ಅವ್ರ ಗ್ವಾಡೆ ಮ್ಯಾಲೆ ದ್ಯಾವ್ರು, ನೀನು ಗಂಟೆ ಬಡಿಯೋನು. ಥೂ, ಅವ್ರ ವಂಸ ನಾಸ್ನವಾಗ. ಕಿತ್ಕಂಡು ಬಾ ಮಗ. ಬರಿಗೈಲಿ ಬರೋದಾದ್ರೆ ಮನೆಗೇ ಬರಬ್ಯಾಡ."

ಗುರುವಾರ ಇಲಾಖೆಯ ಇನ್ಸ್‌ಪೆಕ್ಟರ್ ವೆಂಕಟಗಿರಿ ಹೇಳಿದ ಹೊತ್ತಿಗೇ ಬಂದರು. ಎಮರ್ಜೆನ್ಸಿಯಿಂದ ಆದ ಒಂದೇ ಉಪಕಾರ ಅದು. ಎಳನೀರು ಕುಡಿದು ಮುಂದಿನ ಕುರ್ಚಿಯಲ್ಲಿ ಕುಳಿತು ಗೋಡೆಯ ಸರ್ಟಿಫಿಕೇಟ್ ಓದಿಕೊಂಡರು. ಸೇತುರಾಮಯ್ಯ ನನ್ನ ಹೆಗಲ ಮೇಲೆ ಕೈಯಿಟ್ಟು, ನಮ್ಮ ಟ್ರೈನ್ಡ್ ಮೇಷ್ಟ್ರು ಸಾರ್, ದಿನಾ ಇವರದೇ ಪಾಠ ಅಂದ. ಆ ಕೈಯನ್ನು ಅವನು ಮನೆಗೆ ಹೋಗಿ ಎಷ್ಟು ಸಲ ತೊಳೆಯಬೇಕಿತ್ತೋ.

ತರಬೇತಿಯಲ್ಲಿ ಕಲಿಸಿದ ಪದ್ಧತಿ ಬಹಳ ಸರಳ. ಮೇಷ್ಟ್ರು ಒಂದು ಕೆಲಸ ಮಾಡುತ್ತ ಅದನ್ನೇ ಇಂಗ್ಲಿಷಿನಲ್ಲಿ ಹೇಳಬೇಕು. ಮಕ್ಕಳು ನೋಡಿ, ಅವನೇನು ಮಾಡುತ್ತಿದ್ದಾನೆ ಅಂತ ಒಟ್ಟಿಗೆ ಹೇಳಬೇಕು. ನಾನು ಕಿಟಕಿ ತೆರೆದೆ, ಬಾಗಿಲು ಮುಚ್ಚಿದೆ. ಎರಡೇ ನಿಮಿಷದಲ್ಲಿ ಮಕ್ಕಳಿಗೆ ರುಚಿ ಹತ್ತಿತು. ಒಂದೂವರೆ ವರ್ಷ ಅಲಮೇಲು ಮೇಡಂ ಮುಂದೆ ತೂಕಡಿಸಿದ ಮಕ್ಕಳು ಬೆಂಚಿನ ಮೇಲೆ ಕುಣಿಯತೊಡಗಿದವು. ಈ ಕೆಲಸ ನನಗೆ ಬರುತ್ತದೆ, ಚೆನ್ನಾಗಿ ಬರುತ್ತದೆ ಅಂತ ಅವತ್ತೇ ಗೊತ್ತಾದದ್ದು.

"ನೋಡ್ರೀ, ಟ್ರೈನಿಂಗ್ ಅಂದ್ರೆ ಇದು," ಅಂದರು ವೆಂಕಟಗಿರಿ.

ಗಡಿಯಾರ ಹನ್ನೊಂದೂ ಮುಕ್ಕಾಲು ತೋರಿಸುತ್ತಿತ್ತು. ನಾನು ಸ್ಟೂಲನ್ನು ಎಳೆದುಕೊಂಡೆ.

"ಐ ಆಮ್ ಪುಲ್ಲಿಂಗ್ ದ ಸ್ಟೂಲ್."

"ಹಿ ಈಸ್ ಪುಲ್ಲಿಂಗ್ ದ ಸ್ಟೂಲ್," ಅಂದವು ನಲವತ್ತು ಬಾಯಿಗಳು.

ಹತ್ತಿದೆ, ಹತ್ತುತ್ತಿದ್ದಾನೆ ಅಂದವು. ಕಟ್ಟನ್ನು ಗೋಡೆಯಿಂದ ಇಳಿಸಿದೆ, ಇಳಿಸುತ್ತಿದ್ದಾನೆ ಅಂದವು. ಸೇತುರಾಮಯ್ಯನ ನಗು ಮುಖದ ಮೇಲೆ ಹಾಗೇ ಒಣಗಿತು. ಬೈರಯ್ಯನವರೇ, ಸಾಕು ಇಳೀರಿ ಅಂದ. ನನಗೆ ಬಹುವಚನ ಸಿಕ್ಕಿದ್ದು ಅದೇ ಮೊದಲು. ಕಟ್ಟನ್ನು ಮೇಜಿನ ಅಂಚಿಗೆ ಬಡಿದೆ.

"ಹಿ ಈಸ್ ಬ್ರೇಕಿಂಗ್ ದ ಗ್ಲಾಸ್," ಅಂತ ಮಕ್ಕಳು ಬೆಂಚು ಗುದ್ದಿಕೊಂಡು ಕೂಗಿದವು.

ಕಾಗದವನ್ನು ರಟ್ಟಿಗೆ ಗೋಂದು ಹಾಕಿ ಅಂಟಿಸಿಬಿಟ್ಟಿದ್ದರು ಸೂಳೆಮಕ್ಕಳು, ಇನ್ನು ವಾಪಸು ಕೊಡುವ ಮಾತೇ ಇಲ್ಲವೆಂಬಂತೆ. ರಟ್ಟಿನ ಸಮೇತ ಕಿತ್ತುಕೊಂಡೆ. ಅಂಗೈ ಕೊಯ್ದು ರಕ್ತ ಬಂತು. ಏನ್ರೀ ಇದು ಅಂತ ವೆಂಕಟಗಿರಿ ಎದ್ದರು.

"ಸಾರ್, ಈ ಕ್ಲಾಸಿಗೆ ನಾನು ಪಾಠ ಮಾಡಿದ್ದು ಇವತ್ತೇ ಮೊದಲು, ಇವತ್ತೇ ಕೊನೆ. ಬರ್ಕೊಳಿ," ಅಂದೆ.

ಗಾಜಿನ ಚೂರುಗಳು ಇನ್ಸ್‌ಪೆಕ್ಟರರ ಚಪ್ಪಲಿಯವರೆಗೂ ಹರಡಿದ್ದವು. ಅವರು ಕಾಲು ಎತ್ತಿ ಹಿಂದಕ್ಕಿಟ್ಟರು. ಕರೆಯಲು ನನ್ನನ್ನು ಬಿಟ್ಟರೆ ಜವಾನನಿರಲಿಲ್ಲ. ಸೇತುರಾಮಯ್ಯ ಮೂಲೆಯಲ್ಲಿದ್ದ ಪೊರಕೆ ತೆಗೆದು, ಕಚ್ಚೆಯನ್ನು ಎತ್ತಿ ಹಿಡಿದು, ಅವರ ಕಾಲ ಬುಡದಲ್ಲಿ ಬಗ್ಗಿದ. ಸಾರಿ ಸಾರ್, ಸಾರಿ ಸಾರ್ ಅನ್ನುತ್ತಲೇ ಇದ್ದ.

ನಾನು ಹೊಸ್ತಿಲಲ್ಲಿ ನಿಂತು ಅವನ ಕಡೆ ಬೆರಳು ತೋರಿಸಿದೆ.

"ವಾಟ್ ಈಸ್ ಹಿ ಡೂಯಿಂಗ್?"

ಮುಂದಿನ ಬೆಂಚಿನ ಜಲಜಾ ಎದ್ದು ನಿಂತಳು. ನಾನು ಹೇಳಿಕೊಡದ ವಾಕ್ಯ. ಒಂದು ಕ್ಷಣ ಯೋಚಿಸಿದಳು.

"ಹಿ ಈಸ್ ಸ್ವೀಪಿಂಗ್ ದ ಫ್ಲೋರ್, ಸಾರ್."

"ವೆರಿ ಗುಡ್," ಅಂದೆ. "ಎಲ್ಲಾರೂ ಹೇಳಿ."

ನಾನು ಗೇಟು ದಾಟಿ ಬಸ್‌ಸ್ಟಾಪಿನ ಕಡೆ ಓಡುವಾಗಲೂ ನಲವತ್ತು ಮಕ್ಕಳು ಅದನ್ನೇ ಕೂಗುತ್ತಿದ್ದವು.