ಹಲಗೆಯಲ್ಲಿ ಇರದ ಕೆಲಸ

ನಾಲ್ಕು ಮೊಬೈಲುಗಳಲ್ಲಿ ಕೆಲಸ ಹಂಚುವ ಒಂದೇ ಹಲಗೆ ಮೂಡಿದ ದಿನ ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ. ಅದರಲ್ಲಿ ಮೂರೇ ಸಾಲು: ಮಾಡಬೇಕು, ನಡೆದಿದೆ, ಆಯಿತು. ನಮ್ಮದು ಕೂಸುಗಳ ಬಟ್ಟೆ ಹೊಲಿಯುವ ನಾಲ್ಕು ಹೆಂಗಸರ ಅಂಗಡಿ. ಯಾವ ಬಟ್ಟೆ ಯಾರ ಕೈಯಲ್ಲಿದೆ ಎಂದು ದಿನವೂ ಕಿರುಚಾಡಿ ಸಾಕಾಗಿ, ಆ ತಂತ್ರಾಂಶವನ್ನು ನಾನೇ ತಂದು ಹಾಕಿದ್ದೆ. ಒಂದು ಕೆಲಸಕ್ಕೆ ಒಂದೇ ಹೆಸರು. ಕೊನೆಯವರು 'ಆಯಿತು' ಎಂದು ಒತ್ತಿದರೆ ಬಟ್ಟೆ ನೇರ ಗಿರಾಕಿಗೆ ಕಳಿಸುವ ಪೆಟ್ಟಿಗೆಗೆ. ನಿಯಮ ಇಷ್ಟೇ.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು ಸುಂದರವ್ವ. "ನಿಮ್ಮ ಕೆಲಸ ಏನಂತ ಬರೀಲಿ ಯವ್ವಾ?" ಎಂದು ಕೇಳಿದೆ.

"ನಂದೇನವಾ ಮಹಾ ಕೆಲಸ! ಗುಂಡಿ ಹಚ್ಚತೀನಿ. ಅಷ್ಟ ಬರಿ."

ಬುದ್ಧಿವಂತೆ ನಾನು, ಅಷ್ಟೇ ಬರೆದೆ.

ಮೂರನೆಯ ವಾರ, ಒಂದು ಬೆಳಿಗ್ಗೆ, ಸುಂದರವ್ವ ಪಿನ್ನು ಚುಚ್ಚಿಡುವ ದಿಂಬನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ಒಂದು ಗುಂಡುಪಿನ್ನು ಕಡಿಮಿ ಐತಿ. ನಿನ್ನೆ ಏನೇನು ಹೊರಗ ಹೋತು?"

"ಒಂದೇ ಒಂದು ಕುಂಚಿಗಿ. ಇವತ್ತು ಆ ಕೂಸಿಗೆ ಹೆಸರಿಡತಾರ. ನೀವು ನೋಡಲಿಲ್ಲೇನು?" ಎಂದೆ.

"ಕೂಸಿನ ತಲಿ ಬೆನ್ನು ಮುಚ್ಚೂ ಕುಂಚಿಗಿಗೆ ಗುಂಡಿ ಎಲ್ಲೈತಿ? ಕುತಗಿಗೆ ಕಟ್ಟೂ ಲಾಡಿ ಇರತೈತಿ. ನನ್ನ ಕೈಗೇ ಬರಲಿಲ್ಲ. ನಿನ್ನ ಹಲಗಿಯೊಳಗ ನನ್ನ ಹೆಸರ ಇದ್ದಿದ್ದಿಲ್ಲ."

ಅಯ್ಯೋ ಶಿವನೇ! ಹಲಗೆ ಬರುವ ಮೊದಲು ಪ್ರತಿ ಬಟ್ಟೆಯನ್ನೂ ಅವಳು ಒಳಮಗ್ಗುಲು ಹೊರಗೆ ಮಾಡಿ, ಊರ ಸುದ್ದಿ ಹೇಳುತ್ತಲೇ ಪಿನ್ನು ಉಳಿದಿದೆಯೇ ಎಂದು ಅಂಗೈ ಆಡಿಸಿ ಕಳಿಸುತ್ತಿದ್ದಳು. ಅದನ್ನು ಕೆಲಸವೆಂದು ಅವಳೂ ಎಣಿಸಿರಲಿಲ್ಲ, ನಾವೂ ಎಣಿಸಿರಲಿಲ್ಲ.

ಆ ಕೂಸಿನ ಮನೆಗೆ ಓಡಿದೆ. ಚಪ್ಪಲಿ ಕಿತ್ತುಹೋದರೂ ನಿಲ್ಲಲಿಲ್ಲ. ಆ ಎಳೆಯ ಕುತ್ತಿಗೆಯೊಂದೇ ಕಣ್ಣಮುಂದೆ ಇತ್ತು.

ಬಾಣಂತಿಯ ತೊಡೆಯ ಮೇಲೆ ಕೂಸು ಕುಂಚಿಗೆ ತೊಟ್ಟು ಮಲಗಿತ್ತು. ಕೇಳುವಷ್ಟೂ ತಾಳ್ಮೆಯಿಲ್ಲದೆ ಒಳಗೆ ಕೈ ತೂರಿಸಿದೆ. ಕುಂಚಿಗೆಯ ಕುತ್ತಿಗೆ ಮಡಿಕೆಯಲ್ಲಿ ಪಿನ್ನು ಚುರುಕ್ಕೆಂದು ನನ್ನ ಬೆರಳಿಗೆ ಚುಚ್ಚಿತು. ಕೂಸು ನಿದ್ದೆಯಲ್ಲೇ ಇತ್ತು. ನನಗೆ ಅಳು ಬಂತು.

"ಏನಾತ್ರೀ?" ಎಂದಳು ತಾಯಿ.

ಲಾಡಿ ಸಡಿಲಾಗಿತ್ತು ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆಡಲಾಗಲಿಲ್ಲ. "ಪಿನ್ನು ಉಳಿದಿತ್ತವ್ವಾ. ತಪ್ಪು ನಂದು," ಎಂದೆ.

ಅವಳು ಕೂಸಿನ ಕುತ್ತಿಗೆಯನ್ನು ಸುತ್ತಲೂ ಬೆರಳಾಡಿಸಿ ನೋಡಿದಳು. ಕುಂಚಿಗೆ ಬಿಚ್ಚಿ ನನ್ನ ಕೈಗಿಟ್ಟಳು. "ಆ ಹಳೇ ಅಂಗಿ ತಗೊಂಡ ಬಾರವಾ," ಎಂದು ತಂಗಿಯನ್ನು ಕೂಗಿದಳು.

ಒಗೆದು ಬಣ್ಣಗೆಟ್ಟ ಆ ಅಂಗಿಯಲ್ಲೇ ಕೂಸನ್ನು ತೊಟ್ಟಿಲಿಗೆ ಹಾಕಿದರು. ನನಗೆ ಹೋಗೆಂದು ಯಾರೂ ಅನ್ನಲಿಲ್ಲ, ಕೂಡೆಂದೂ ಅನ್ನಲಿಲ್ಲ. ಹೊಸ ರೇಷ್ಮೆಯ ಕುಂಚಿಗೆ ಹಿಡಿದುಕೊಂಡು ನಾನು ಹೊಸ್ತಿಲಾಚೆ ನಿಂತಿದ್ದಾಗ, ಒಳಗೆ ಕೂಸಿನ ಹೆಸರು ಕೂಗಿದರು.