ಕೈಯಲ್ಲಿ ಕಲಸಿದ ಪದರ

ಹಲ್ಲುಸೆಟ್ಟಿನ ಒಳಪದರಕ್ಕೆ ಯಾವ ಮಿಶ್ರಣ ಮೇಲೆಂದು ನೋಡಲು ಮಾಡಿದ್ದ ಮೂರನೆಯ ಜೊತೆ ಪಟ್ಟಿಗಳನ್ನೂ ಬ್ಲೇಡಿನಿಂದ ಸೀಳಿ ಭೂತಗನ್ನಡಿಯ ಕೆಳಗೆ ಹಿಡಿದ ದಂತವೈದ್ಯರು ಕಿಟಕಿಯತ್ತ ನಡೆದರು. ಅಲ್ಲಿ ನಿಲ್ಲಲಾರದೆ ಮತ್ತೆ ಮೇಜಿನ ಬಳಿಗೆ ಬಂದರು. ಪಿಸ್ತೂಲಿನಾಕಾರದ ಹೊಸ ಯಂತ್ರದಿಂದ ಮಗಳು ಹಿಂಡಿದ್ದ ಪಟ್ಟಿಯ ಒಳಮೈ ಬೆಣ್ಣೆಯಂತೆ ನುಣುಪಾಗಿತ್ತು. ಪುಡಿಗೆ ದ್ರವ ಬೆರೆಸಿ ಅವರು ಕೈಯಾರೆ ಕಲಸಿದ್ದರಲ್ಲಿ ಸೂಜಿ ಚುಚ್ಚಿದಂಥ ತೂತುಗಳು.

"ಬಟ್ಟಲು ಒದ್ದೆಯಿತ್ತೇನೋ," ಎಂದರು.

"ಪ್ರತಿ ಸಲಾನೂ ನೀವೇ ಒರೆಸಿದ್ರಿ, ಅಪ್ಪಾ." ಮಗಳೂ ಅದೇ ವೃತ್ತಿಯವಳು, ಪಕ್ಕದ ಕೋಣೆ ಅವಳದು.

ಕುರ್ಚಿಯಲ್ಲಿ ಒರಗಿದ್ದ ಅವರ ಹೆಂಡತಿ ಬೊಚ್ಚುಬಾಯಲ್ಲೇ ನಕ್ಕರು. "ನಿಮ್ಮಿಬ್ಬರ ವ್ಯಾಜ್ಯ ತೀರೋದ್ರೊಳಗೆ ನಂಗೆ ಹಾಲುಹಲ್ಲೇ ಹುಟ್ಟತ್ತೆ, ಬಿಡಿ."

ಆಕೆಯ ಕೆಳಗಿನ ಹಲ್ಲುಸೆಟ್ಟು ಸಡಿಲವಾಗಿತ್ತು. ಒಳಗೆ ಮೆತ್ತನೆಯ ಹೊಸ ಪದರ ಕೂಡಿಸಬೇಕಿತ್ತು. ಅದುವರೆಗೆ ಆ ಕೆಲಸಕ್ಕೆ ಇನ್ನೊಬ್ಬರ ಕೈ ತಾಕಿದ್ದಿಲ್ಲ. ತಾವೇ ಕಲಸಿ, ತಾವೇ ಕೂರಿಸಿ, ಊಟದ ಹೊತ್ತಿಗೆ ಆಕೆ ಅಗಿಯುವುದನ್ನು ಓರೆಗಣ್ಣಿಂದ ನೋಡಿ ಒಳಗೊಳಗೇ ಬೀಗುತ್ತಿದ್ದವರು ಅವರು.

ಮಗಳು ಹಳೆಯ ಪದರವನ್ನು ಸುಲಿದು ಸೆಟ್ಟನ್ನು ತಂದೆಯ ಕೈಗಿತ್ತಳು. ಅವರು ಅದನ್ನು ಬೆಳಕಿಗೆ ತಿರುಗಿಸಿ ಹಾಗೆಯೇ ನಿಂತರು. ಬಲಗಡೆಯ ಹಲ್ಲುಗಳು ಸವೆದು ಚಪ್ಪಟೆಯಾಗಿದ್ದವು. ಎಡಗಡೆಯವು ಮಾಡಿಸಿದ ದಿನದ ಹಾಗೆಯೇ ಏಣು ಕೆಡದೆ ಇದ್ದವು.

"ಎಡಗಡೆ ಅಗಿಯೋದೇ ಇಲ್ವೇನೇ ನೀನು?"

"ಬಲಗಡೆ ಇದೆಯಲ್ಲ, ಸಾಲದೇ?"

"ನೋವಿತ್ತಾ?"

ಆಕೆ ತುಟಿ ಒರೆಸಿಕೊಂಡರು. "ಒತ್ತೋದು. ಕಲಸ್ತಾ ಕಲಸ್ತಾ ನೀವು ಹಾಡು ಗುನುಗ್ತಿದ್ರಿ. ಆಗ ಹೇಗ್ರೀ ಹೇಳೋದು?"

ಅವರು ಬಟ್ಟಲನ್ನು ಎತ್ತಿಕೊಂಡರು, ಇಟ್ಟರು, ಮತ್ತೆ ಎತ್ತಿಕೊಂಡರು. "ಇನ್ನೊಂದ್ಸಲ ಕಲಸಿ ನೋಡ್ಲಾ?" ಎಂದು ಯಾರ ಮುಖವನ್ನೂ ನೋಡದೆ ಕೇಳಿದರು.

ಮಗಳು ಯಂತ್ರವನ್ನು ಒರೆಸತೊಡಗಿದಳು. ಯಾವಾಗಲೂ "ಆಗಲಿ" ಎನ್ನುತ್ತಿದ್ದ ಹೆಂಡತಿಯೂ ಈ ಸಲ ಆ ಯಂತ್ರದತ್ತಲೇ ನೋಡಿದರು.

"ಹಿಂಡಮ್ಮಾ," ಎಂದರು ಮಗಳಿಗೆ.

ಯಂತ್ರದ ಮೂತಿಯೊಳಗೆ ಎರಡು ಬಣ್ಣಗಳು ಸುತ್ತಿ ಒಂದಾಗಿ ಸೆಟ್ಟಿನೊಳಗೆ ಇಳಿದವು. "ಕೂರಿಸೋದು ನೀವೇ," ಎಂದು ಮಗಳು ಮುಂದೆ ಹಿಡಿದಳು. ಅವರು ಕೂರಿಸಿದರು. ಪದರ ಗಟ್ಟಿಯಾಗುವವರೆಗೆ ಆಕೆ ಬಾಯಿ ಮುಚ್ಚಿಕೊಂಡಿರಬೇಕು. "ಮಾತಾಡ್ಬೇಡ, ಅಲುಗಾಡ್ಬೇಡ," ಎನ್ನುತ್ತ ಅವರೇ ಕುರ್ಚಿಗೂ ಬಾಗಿಲಿಗೂ ಅಲೆದಾಡಿದರು. ನೆಟ್ಟಗಿದ್ದ ದೀಪವನ್ನು ನೆಟ್ಟಗೆ ಮಾಡಿದರು. ಒಣಗಿದ ಕೈಯನ್ನು ಮತ್ತೆ ಒರೆಸಿಕೊಂಡರು.

ಅಂಚು ಕತ್ತರಿಸಿ ನಯ ಮಾಡಿದ ಮೇಲೆ ಮಗಳು ಒಂದು ರಸ್ಕಿನ ತುಂಡನ್ನು ತಾಯಿಯ ಕೈಗಿತ್ತಳು. ಅಭ್ಯಾಸಬಲದಿಂದ ನಾಲಿಗೆ ಅದನ್ನು ಬಲಕ್ಕೆ ತಳ್ಳಿತು. ದವಡೆ ಅರೆಗಳಿಗೆ ನಿಂತಿತು. ಆಮೇಲೆ ಎಡಗೆನ್ನೆ ನಿಧಾನವಾಗಿ ಉಬ್ಬಿತು.

ಅವರು ಕುರ್ಚಿಯ ಆ ಮಗ್ಗುಲಿಗೆ ಬಂದು ಬಾಗಿ ಕಿವಿಗೊಟ್ಟರು. ಕರಕರ ಸದ್ದು ಮೊದಲು ಅಂಜುತ್ತ, ಮತ್ತೆ ಜೋರಾಗಿ ಕೇಳಿತು. ಆಕೆ ಕಣ್ಣು ಮುಚ್ಚಿಕೊಂಡೇ ಇನ್ನೊಂದು ತುಂಡಿಗೆ ಕೈ ಚಾಚಿದರು.