ಹಬ್ಬದ ಮಾರನೆಯ ದಿನದ ಅಡುಗೆಮನೆ

ತಾಕ್ ಮೇಷ್ಟ್ರು ಎರಡು ಪ್ರಬಂಧಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು ನಮ್ಮ ಕಡೆ ತಿರುಗಿಸಿದರು. ಒಂದರ ಮೇಲೆ ನನ್ನ ಹೆಸರು, ಮಾ ಉನ್‌ಸೊಲ್. ಇನ್ನೊಂದರ ಮೇಲೆ ನಾಮ್ ಚೆರಿನ್.

"ಇಬ್ಬರಲ್ಲಿ ಕದ್ದೋರು ಯಾರು? ಈಗಲೇ ಹೇಳಿಬಿಟ್ರೆ ನಾನೂ ಊಟಕ್ಕೆ ಹೋಗಬಹುದು."

ನಾನು ಕದ್ದಿರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಾಯಿತು ನನ್ನ ಗತಿ. ಕಿವಿ ಬಿಸಿಯಾಯಿತು. ಮೇಷ್ಟ್ರು ಅದನ್ನು ನೋಡಿದರು. ಆ ಮನುಷ್ಯನಿಗೆ ಕಾಣದ್ದು ಯಾವುದೂ ಇಲ್ಲ.

ದೇಗು ನಗರದ ನಮ್ಮ ಕಾಲೇಜಿನಲ್ಲಿ ಮೊದಲ ವರ್ಷದವರೆಲ್ಲರೂ ಪ್ರಬಂಧ ತರಗತಿಗೆ ಕೂರಲೇಬೇಕು, ಎಂಜಿನಿಯರಿಂಗ್‌ನವರಾದರೂ ಸರಿ, ನರ್ಸಿಂಗ್‌ನವರಾದರೂ ಸರಿ. ಮೊದಲ ದಿನ ನಾವೆಲ್ಲ ಕೆಲಸದ ಅರ್ಜಿಗೆ ಬರೆಯುವ ಧಾಟಿಯಲ್ಲೇ ಬರೆದಿದ್ದೆವು: ಶಿಸ್ತಿನ ತಂದೆ, ಮಮತೆಯ ತಾಯಿ, ಕಷ್ಟಕ್ಕೆ ಅಂಜದ ನಾನು. ತಾಕ್ ಮೇಷ್ಟ್ರು ಅಷ್ಟನ್ನೂ ಮೇಜಿನ ಮೇಲೆ ಕುಕ್ಕಿ, "ಇಡೀ ತರಗತಿಗೆ ಒಂದೇ ಅಪ್ಪ ಅಮ್ಮನಾ?" ಎಂದು ಕೇಳಿದ್ದರು. ಪ್ರೀತಿ, ದುಃಖ, ಸುಂದರ ಎಂಬ ಮಾತು ಕಂಡರೆ ಕೆಂಪು ಪೆನ್ನಿನಲ್ಲಿ ಹೊಡೆದು ಹಾಕುತ್ತಿದ್ದರು. ಅಂಚಿನಲ್ಲಿ ಅವರು ಬರೆಯುತ್ತಿದ್ದುದು ಯಾವಾಗಲೂ ಒಂದೇ ಪ್ರಶ್ನೆ: ನೋಡಿದ್ದೋ, ಕೇಳಿದ್ದೋ?

ಸುಗ್ಗಿಯ ಹಬ್ಬ ಚುಸೊಕ್‌ನ ರಜೆಗೆ ಮುಂಚೆ ಅವರು ಕೊಟ್ಟ ಕೆಲಸ ಸುಲಭವಾಗಿಯೇ ಕೇಳಿಸಿತ್ತು. "ಒಂದು ಕೋಣೆ ಬರಕೊಂಡು ಬನ್ನಿ. ನನ್ನನ್ನ ಒಳಗೆ ಕರಕೊಂಡು ಹೋಗಿ ಕೂರಿಸಿ, ಸಾಕು. ನೀವು ಅಳಬೇಡಿ. ಅಳೋದು ಬೇಕಾದ್ರೆ ನಾನು ಅಳ್ತೀನಿ." ನಕಲು ಮಾಡಿದವರನ್ನು ಶಿಸ್ತು ಸಮಿತಿಗೆ ಕಳಿಸುತ್ತೇನೆಂದೂ ಹೇಳಿದ್ದರು. ಸಮಿತಿಗೆ ಹೋದವರಿಗೆ ವಿದ್ಯಾರ್ಥಿವೇತನ ಉಳಿಯುವುದಿಲ್ಲ. ಅದು ಹೋದರೆ ನಾನು ಗಂಟುಮೂಟೆ ಕಟ್ಟಿಕೊಂಡು ಹೋಗಿ ಅಮ್ಮನ ಪಾರ್ಲರಿನಲ್ಲಿ ಕೂದಲು ಗುಡಿಸಬೇಕಷ್ಟೆ.

"ಮೇಷ್ಟ್ರೇ, ಇದು ನಮ್ಮಜ್ಜಿ ಮನೆ," ಎಂದಳು ಚೆರಿನ್. "ಅಜ್ಜಿ ಈ ವರ್ಷ ಹೋದ್ರು. ನಾನು ಲೈಬ್ರರಿಲಿ ಕರಡು ಬರೀವಾಗ ಇವಳು ಪಕ್ಕದಲ್ಲೇ ಕೂತಿದ್ಲು. ಛತ್ರಿ ಬೇರೆ ಕೇಳಿ ಇಸ್ಕೊಂಡ್ಲು. ನಾಚಿಕೆ ಆಗಲ್ವೇನೇ ನಿಂಗೆ? ಸತ್ತೋರ ಮನೆಗೆ ನುಗ್ಗಿ ಪಾತ್ರೆ ಕದ್ದ ಹಾಗಲ್ವಾ ಇದು?"

ಪಕ್ಕದಲ್ಲಿ ಕೂತಿದ್ದು ನಿಜ. ಛತ್ರಿಯೂ ನಿಜ. ಅವಳು ಒಂದು ವರ್ಷ ರಜೆ ಹಾಕಿ ಮತ್ತೆ ಸೇರಿದವಳು, ನಮಗಿಂತ ದೊಡ್ಡವಳು. ಹಾಗಾಗಿ ತರಗತಿಯವರೆಲ್ಲ ಅಕ್ಕ ಎನ್ನುತ್ತಿದ್ದರು, ನಾನೂ ಅನ್ನುತ್ತಿದ್ದೆ.

"ಓದು," ಎಂದು ಮೇಷ್ಟ್ರು ಅವಳ ಪ್ರಬಂಧವನ್ನು ನನ್ನತ್ತ ತಳ್ಳಿದರು. "ಕದ್ದಿಲ್ಲ ಅನ್ನೋದಾದ್ರೆ ಇದು ಹೇಗೆ ಅಂತ ನೀನೇ ಹೇಳು."

ಓದಿದೆ. ಸೂರಿನ ಕೆಳಗೆ ಬೆಳ್ಳುಳ್ಳಿ ಜಡೆ. ಬೀಜದ ಅಂಗಡಿಯವರು ಕೊಟ್ಟ ಕ್ಯಾಲೆಂಡರು, ಹಾಳೆ ತಿರುವದೆ ಹಾಗೇ ಉಳಿದದ್ದು. ಅನ್ನದ ಪಾತ್ರೆಯ ಮುಚ್ಚಳಕ್ಕೆ ಹಿಡಿಯ ಬದಲು ದಾರ ಸುತ್ತುವ ಮರದ ಉರುಳೆ. ತೊಟ್ಟಿಯ ಮೇಲೆ ಸಾಲಾಗಿ ನೇತುಬಿದ್ದ ಗುಲಾಬಿ ರಬ್ಬರ್ ಕೈಗವಸುಗಳು, ಎಲ್ಲವೂ ಬಲಗೈಯವು. ಅಜ್ಜಿ ಎಡಚಿ. ಎಡಗೈಯದು ತೂತಾದರೆ ಎಸೆಯುತ್ತಿದ್ದರು, ಬಲಗೈಯದು ಹಾಗೇ ಉಳಿಯುತ್ತಿತ್ತು. ಬಲಗೈಯ ಕೈಗವಸುಗಳು ನನ್ನ ಪ್ರಬಂಧದಲ್ಲೂ ಇದ್ದವು. ಇಂಥದ್ದನ್ನು ಇಬ್ಬರು ಕಲ್ಪಿಸಿಕೊಂಡು ಬರೆಯಲಾಗುವುದಿಲ್ಲ. ಮೇಷ್ಟ್ರ ಅನುಮಾನದಲ್ಲಿ ತಪ್ಪೇನಿರಲಿಲ್ಲ.

ಆಮೇಲೆ ಈ ಸಾಲು ಬಂತು: "ಕಪಾಟಿನ ತಲೆಯ ಮೇಲೆ ಬಟ್ಟೆ ಮುಚ್ಚಿದ ಒಂದು ತಟ್ಟೆ. ಹಬ್ಬದ ಕಡುಬು ಅದರಲ್ಲಿ. ಅದನ್ನು ಯಾರೂ ಮುಟ್ಟುವಂತಿಲ್ಲ. ಅದು ಇಲಿಗೆ." ಕೊನೆಯ ಮಾತಿಗೆ ಮೇಷ್ಟ್ರು ಕೆಂಪು ಸುತ್ತು ಹಾಕಿ ಅಂಚಿನಲ್ಲಿ ಕೇಳಿದ್ದರು: ನೋಡಿದ್ದೋ, ಕೇಳಿದ್ದೋ?

ಆ ತಟ್ಟೆ ನನಗೆ ಗೊತ್ತು. ಆ ಇಲಿ ನಾನೇ.

ನನ್ನ ಅಪ್ಪನಿಗೆ ಎರಡು ಮನೆ. ಹಬ್ಬದ ದಿನ ಹೆಂಡತಿ ಮಗಳೊಂದಿಗೆ ಉಯ್‌ಸೊಂಗ್ ಊರಿನ ಅಜ್ಜಿಯ ಮನೆಗೆ ಹೋಗಿ, ಹಿರಿಯರಿಗೆ ಎಡೆ ಇಟ್ಟು, ಉಂಡು ಬರುತ್ತಿದ್ದರು. ಮಾರನೆಯ ದಿನ ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದರು. ನಮ್ಮ ಪಾಲಿಗೆ ಹಬ್ಬ ಎಂದರೆ ಆ ದಿನವೇ. ನನಗಿರುವುದು ಅಮ್ಮನ ಮನೆತನದ ಹೆಸರು, ಮಾ. ಅಪ್ಪನದು ನಾಮ್, ಆದರೆ ನಾಮ್ ಎಂಬವರು ಊರಿಗೆ ನೂರು ಮಂದಿ. ಹಬ್ಬದ ದಿನದ ಮಗಳ ಹೆಸರನ್ನು ನನಗೆ ಯಾರೂ ಹೇಳಿರಲಿಲ್ಲ. "ನಾವು ಮಾರನೇ ದಿನದೋರು ಕಣೇ," ಎನ್ನುತ್ತಿದ್ದಳು ಅಮ್ಮ, "ಬಾಯಿ ಬಿಟ್ರೆ ಆ ದಿನಾನೂ ಹೋಗತ್ತೆ." ಅಂಥ ಅಮ್ಮನ ಕೈಮೇಲೆ ಕೈಯಿಟ್ಟು ಎಷ್ಟು ಸಲ ಮಾತು ಕೊಟ್ಟಿದ್ದೇನೋ.

ಅಜ್ಜಿ ತೀರಿಕೊಂಡದ್ದು ನಮಗೆ ಗೊತ್ತಾಗುವ ಹೊತ್ತಿಗೆ ಸಮಾಧಿಯ ಮೇಲೆ ಹುಲ್ಲು ಚಿಗುರಿತ್ತು. ಈ ವರ್ಷ ಮಾರನೆಯ ದಿನವೂ ಇರಲಿಲ್ಲ. ಆ ಹೊಟ್ಟೆಯುರಿಯಲ್ಲೇ ನಾನು ಅಡುಗೆಮನೆಯನ್ನು ಬರೆದದ್ದು, ದುಃಖ ಎಂಬ ಮಾತನ್ನು ಒಮ್ಮೆಯೂ ಬರೆಯದೆ. ಹೆಮ್ಮೆಯಾಗಿತ್ತು ನನಗೆ ಅದರ ಬಗ್ಗೆ.

"ಯಾಕೆ ಮಾತಿಲ್ಲ?" ಎಂದರು ಮೇಷ್ಟ್ರು.

"ನಾನು ಕದ್ದಿಲ್ಲ."

"ಹಾಗಾದ್ರೆ ಆ ಅಡುಗೆಮನೆ ನೀನೆಲ್ಲಿ ನೋಡಿದೆ?"

ನಾನು ನೆಲ ನೋಡಿದೆ. ಚೆರಿನ್ ಮೂಗಿನಲ್ಲಿ ನಕ್ಕಳು.

ಮೇಷ್ಟ್ರು ಎದ್ದು ಕಿಟಕಿ ಮುಚ್ಚಿದರು. ಇಬ್ಬರಿಗೂ ಖಾಲಿ ಹಾಳೆ ಕೊಟ್ಟು, ಒಬ್ಬಳನ್ನು ಬಾಗಿಲ ಬಳಿ, ಇನ್ನೊಬ್ಬಳನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿದರು. "ಅದೇ ಅಡುಗೆಮನೆ. ಈ ಪ್ರಬಂಧಗಳಲ್ಲಿ ಇಲ್ಲದ್ದು ಏನಾದ್ರೂ ಬರೀರಿ. ಬರೆದ ಮೇಲೆ ಹಾಳೆ ಅದಲು ಬದಲು ಮಾಡ್ಕೊಂಡು, ತಪ್ಪು ಕಂಡಲ್ಲಿ ಕೆಂಪು ಪೆನ್ನಲ್ಲಿ ಗುರುತು ಹಾಕಿ. ಯಾರ ಮನೆಯೋ ಅವರಿಗೆ ಗೊತ್ತಿರತ್ತೆ. ಕದ್ದೋರಿಗೆ ಗೊತ್ತಿರಲ್ಲ."

ಚೆರಿನ್ ಆಗಲೇ ಬರೆಯತೊಡಗಿದ್ದಳು. ಅವಳ ಪೆನ್ನಿನ ಸದ್ದು ನನ್ನ ಬೆನ್ನ ಹಿಂದೆ ಕೇಳುತ್ತಿತ್ತು.

ಅತ್ತ ದರಿ, ಇತ್ತ ಪುಲಿ. ಸುಳ್ಳು ಬರೆದರೆ ನಾನು ಕಳ್ಳಿ, ಕಾಲೇಜು ಮುಗಿದಂತೆಯೇ. ನಿಜ ಬರೆದರೆ ಇವಳಿಗೆ ಎಲ್ಲ ತಿಳಿಯುತ್ತದೆ, ಇವಳಿಂದ ಇವಳ ಅಮ್ಮನಿಗೆ. ಆಮೇಲೆ ನನ್ನ ಅಮ್ಮ ಯಾವ ಮುಖ ಹೊತ್ತು ಪಾರ್ಲರಿನ ಬಾಗಿಲು ತೆರೆಯಬೇಕು? ಸುಮ್ಮನಿದ್ದು ಕಳ್ಳಿ ಎನಿಸಿಕೊಳ್ಳೋಣ ಎಂದೂ ಅನಿಸಿತು. ಆದರೆ ಬಾಯಿ ಬಿಟ್ಟರೆ ಹೋಗುವ ದಿನ ಅಜ್ಜಿಯ ಜೊತೆ ಆಗಲೇ ಹೋಗಿತ್ತಲ್ಲ? ಇನ್ನು ಯಾವುದನ್ನು ಕಾಯಬೇಕು ನಾನು? ಪೆನ್ನು ತೆಗೆದುಕೊಂಡೆ.

ಬರೆದೆ: ತಟ್ಟೆಯ ಅಂಚಿನಲ್ಲಿ ನೀಲಿ ಮೀನು, ಬಾಲದ ಹತ್ತಿರ ಚಕ್ಕೆ ಎದ್ದಿದೆ. ಅಜ್ಜಿ ಸ್ಟೂಲು ಹತ್ತಿ ಅದನ್ನು ಇಳಿಸುತ್ತಾರೆ. ಕಡುಬು ಒಣಗಿ ಬಿರುಕು ಬಿಟ್ಟಿದೆ, ಬೇಯಿಸುವಾಗ ಹಾಸಿದ್ದ ಪೈನ್ ಎಲೆ ಒಂದಕ್ಕೆ ಅಂಟಿಕೊಂಡಿದೆ. ಬಾಣಲೆಗೆ ಎಣ್ಣೆ ಬಿಡುತ್ತಾರೆ. ಎಡಗೈಯಲ್ಲಿ ಒಂದೊಂದಾಗಿ ಮಗುಚುತ್ತಾರೆ. ಮೇಜಿನ ಕೆಳಗೆ ಒಂದು ಕಾಲುಚೀಲ ಬಿದ್ದಿದೆ, ಹಳದಿ ಬಾತುಕೋಳಿ ಇರುವುದು. ನಿನ್ನೆ ಬಂದವರು ಬಿಟ್ಟುಹೋದದ್ದು. ನಾನು ಅದನ್ನು ಹಾಕಿಕೊಳ್ಳುತ್ತೇನೆ. ಅಜ್ಜಿ ನನ್ನ ಪಾದ ಹಿಡಿದುಕೊಳ್ಳುತ್ತಾರೆ.

ಅಲ್ಲಿಗೆ ಕೈ ನಿಂತಿತು. ಇಷ್ಟು ಸಾಕಿತ್ತು, ನಾನು ಆ ಅಡುಗೆಮನೆಯಲ್ಲಿ ಇದ್ದೆ ಎನ್ನುವುದಕ್ಕೆ. ನೆರೆಮನೆಯ ಹುಡುಗಿ ಎಂದೋ ಕೆಲಸದವಳ ಮಗಳೆಂದೋ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಅಜ್ಜಿ ಅವತ್ತು ಆಡಿದ ಮಾತು ಮಾತ್ರ ಉಳಿದಿತ್ತು. ಅದನ್ನು ನಾನು ನನ್ನ ಕಿವಿಯಾರೆ ಕೇಳಿದ್ದೆ. ಅದನ್ನು ಬಿಟ್ಟರೆ ಉಳಿದದ್ದೆಲ್ಲ ಬರೀ ಪಾತ್ರೆ ಪಡಗ. ಬರೆದೇಬಿಟ್ಟೆ: "ಬಿಚ್ಚು ಪುಟ್ಟೀ, ನಿಮ್ಮಕ್ಕಂದು ಅದು," ಎನ್ನುತ್ತಾರೆ.

ಹಾಳೆ ಬದಲಾಯಿತು. ಅವಳು ಅಡುಗೆಮನೆಯ ಹಿಂಬಾಗಿಲನ್ನು ಬರೆದಿದ್ದಳು, ಕೀಲಿಗೆ ಸುತ್ತಿದ ನೀಲಿ ಹಗ್ಗದ ಸಮೇತ. ಒಂದಕ್ಷರ ತಪ್ಪಿರಲಿಲ್ಲ. ಕೆಂಪು ಪೆನ್ನು ಕೆಳಗಿಟ್ಟು ಅವಳನ್ನು ನೋಡಿದೆ.

ಅವಳು ತಪ್ಪು ಹುಡುಕಲೆಂದೇ ಪೆನ್ನು ಹಿಡಿದು ಕೂತಿದ್ದಳು. ಮೀನಿನ ಸಾಲಿಗೆ ಹುಬ್ಬು ಗಂಟಿಕ್ಕಿತು. ಕಾಲುಚೀಲದ ಸಾಲಿಗೆ ಬಂದಾಗ ಪೆನ್ನು ಹಾಳೆಯಿಂದ ಮೇಲೆ ಎದ್ದಿತು. ಕೊನೆಯ ಸಾಲಿಗೆ ಬಂದಳೆಂದು ನನಗೆ ಗೊತ್ತಾದದ್ದು ಅವಳ ಕುತ್ತಿಗೆಯಿಂದ. ಅದು ಕೆಂಪಗಾಗುತ್ತಾ ಹೋಯಿತು. ನನಗೋ ಓಡಿಹೋಗಬೇಕೆನಿಸಿತು.

"ಎಲ್ಲಿ ತಪ್ಪಿದೆ?" ಎಂದರು ಮೇಷ್ಟ್ರು.

ಅವಳು ಮತ್ತೊಮ್ಮೆ ಮೊದಲಿನಿಂದ ಓದಿದಳು.

"ಚೆರಿನ್, ಕೇಳ್ತಿರೋದು ನಿನ್ನನ್ನೇ. ಎಲ್ಲಿ ತಪ್ಪಿದೆ?"

"ಇವಳದ್ರಲ್ಲಿ ಇಲ್ಲ," ಎಂದಳು.

"ಅಂದ್ರೆ ಕದ್ದಿದ್ದು ನೀನಾ?"

"ಯಾರೂ ಕದ್ದಿಲ್ಲ ಮೇಷ್ಟ್ರೇ."

"ಇಬ್ಬರಿಗೂ ಒಂದೇ ಅಡುಗೆಮನೆ ಹೇಗಮ್ಮಾ ಆಗತ್ತೆ? ಇವಳು ನಿಂಗೆ ಏನಾಗಬೇಕು?"

ಚೆರಿನ್ ಎದ್ದು ಮೇಜಿನ ಹತ್ತಿರ ಬಂದಳು. ತನ್ನ ಮೊದಲ ಪ್ರಬಂಧವನ್ನು ಎಳೆದುಕೊಂಡು, ಮೇಷ್ಟ್ರು ಕೆಂಪು ಸುತ್ತು ಹಾಕಿದ್ದ ಜಾಗಕ್ಕೆ ಬೆರಳಿಟ್ಟಳು.

"ನೋಡಿದ್ದಾ ಕೇಳಿದ್ದಾ ಅಂತ ಕೇಳಿದ್ರಲ್ಲ. ಕೇಳಿದ್ದು. ಅಲ್ಲಿ ಇಲಿ ಇರಲಿಲ್ಲ. ಇಡೀ ಮನೇಲೆ ಒಂದು ಇಲಿ ನೋಡಿಲ್ಲ ನಾನು. ಒಂದ್ಸಲ ನಂಗೆ ಇನ್ನೂ ಬೇಕು ಅಂತ ಆ ತಟ್ಟೆಗೆ ಕೈ ಹಾಕಿದ್ದಕ್ಕೆ ಅಜ್ಜಿ ನನ್ನ ಕೈಮೇಲೆ ಹೊಡೆದಿದ್ರು. ನಂಗೆ ಅಜ್ಜಿ ಹೊಡೆದಿದ್ದು ಅದೊಂದೇ ಸಲ."

ಬಗ್ಗಿ "ಇಲಿಗೆ" ಎಂಬುದನ್ನು ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿದಳು. ಮೇಲೆ ಬರೆದಳು, ಒತ್ತಿ ಒತ್ತಿ, ಹಾಳೆ ಹರಿಯುವ ಹಾಗೆ: "ತಂಗಿಗೆ."

ಮೇಷ್ಟ್ರು ಕನ್ನಡಕ ತೆಗೆದರು. ಅವರು ಆ ಪದಕ್ಕೆ ಕೆಂಪು ಸುತ್ತು ಹಾಕಲಿಲ್ಲ. ಎರಡೂ ಪ್ರಬಂಧಗಳನ್ನು ಜೋಡಿಸಿ, ಒಂದರೊಳಗೊಂದು ಇಟ್ಟು, "ಇಬ್ಬರೂ ಹೋಗಿ ಊಟ ಮಾಡಿ," ಎಂದಷ್ಟೇ ಹೇಳಿದರು.

ಅವಳು ನನ್ನ ಮುಖ ನೋಡದೆ ಚೀಲ ತೆಗೆದುಕೊಂಡು ಹೊರಟಳು. ಕಾರಿಡಾರಿನಲ್ಲಿ ಫೋನು ಕಿವಿಗಿಟ್ಟು ನಿಂತಿದ್ದಳು. "ಅಪ್ಪಾ," ಎನ್ನುತ್ತಿದ್ದಳು, "ಎಲ್ಲಿದ್ದೀರಾ? ಇಲ್ಲ, ಈಗಲೇ ಮಾತಾಡಬೇಕು." ಅಮ್ಮನಿಗೆ ಏನು ಹೇಳಲಿ ಎಂಬ ಹೆದರಿಕೆ ನನಗೆ. ಜೊತೆಗೇ ಹುಚ್ಚು ಸಂತೋಷವಾಗಿತ್ತು, ಅದನ್ನು ಮುಚ್ಚಿಡುವುದು ನನ್ನಿಂದ ಆಗಲಿಲ್ಲ. ಅವಳ ಛತ್ರಿ ಇನ್ನೂ ನನ್ನ ಬಳಿಯೇ ಇತ್ತು. ಹತ್ತಿರ ಹೋಗಿ ಅದನ್ನು ಚಾಚಿದೆ. ಅವಳು ಫೋನು ಕಿವಿಯಿಂದ ತೆಗೆಯದೆ, ಆ ಛತ್ರಿಯನ್ನು ನೋಡಿ, ನನ್ನನ್ನು ನೋಡಿ, ಇನ್ನೊಂದು ಕೈಯಿಂದ ನನ್ನ ಕಡೆಗೇ ತಳ್ಳಿದಳು. "ಇಟ್ಕೋ," ಎಂದಳು.